ನೆಗ್ಗಿದ ಹಂಡೆ ಮತ್ತು ಒಂಬತ್ತನೆಯ ಆಜ್ಞೆ

ವಿನಾಯಕ, ಶೈಲಾ, ಇದು ನಿಮ್ಮ ಅಜ್ಜಿ ನಿಮ್ಮಿಬ್ಬರಿಗೆ ಬರೆದದ್ದು. ಎದುರು ಕೂತು ಹೇಳೋಣವೆಂದರೆ ನನಗೆ ಆಗದು. ನಾಲ್ಕು ಜನರ ಮುಂದೆ ನಾನು ಬಾಯಿ ತೆರೆಯುವವಳೇ ಅಲ್ಲ ಎಂದು ನೀವೇ ಎಷ್ಟೋ ಸಲ ನಕ್ಕಿದ್ದೀರಿ. ನಿನ್ನೆ ಬೆಳಿಗ್ಗೆ ಶೈಲಾ ಬಚ್ಚಲ ಮೂಲೆಯಿಂದ ತಾಮ್ರದ ಹಂಡೆಯನ್ನು ಹೊರಗೆಳೆದು ಹುಣಸೆಹಣ್ಣು ಹಾಕಿ ತಿಕ್ಕಿದಳು. ಹುಳಿ ತಾಗಿದ ತಾಮ್ರದ ವಾಸನೆ ಅಡುಗೆಮನೆಯವರೆಗೂ ಬಂತು. ತನ್ನ ಕಾರವಾರದ ಮನೆಯಲ್ಲಿ ಬಾಗಿಲ ಪಕ್ಕ ಇಟ್ಟರೆ ಚೆಂದ, ಆದರೆ ಈ ನೆಗ್ಗೊಂದು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಬಡಿಸಿ ಸಪಾಟು ಮಾಡಿಸಬೇಕು ಎಂದಳು. ನಾನು ಎದ್ದು ಒಳಗೆ ಹೋದೆ.

ಆ ನೆಗ್ಗು ಮಾಡಿದವಳು ನಾನೇ. ಏಳು ವರ್ಷದವಳಿದ್ದಾಗ, ಹಂಡೆಯನ್ನು ಎತ್ತಲಾರದೆ ಅಂಗಳದಲ್ಲಿ ಉರುಳಿಸಿಕೊಂಡು ಹೋಗಿ ಬಾವಿಕಟ್ಟೆಯ ಕಲ್ಲಿಗೆ ಬಡಿದೆ. ಅದು ನನ್ನ ತಾಯಿಗೆ, ನಮ್ಮ ಅವ್ವಿಗೆ, ತವರಿನವರು ಅಗಸೂರಿನಿಂದ ಗಾಡಿಯಲ್ಲಿ ಹೊರಿಸಿ ಕಳಿಸಿದ ಹಂಡೆ. ಹಂಡೆಗೆ ಬಿದ್ದದ್ದು ಒಂದು ಪೆಟ್ಟು, ನನಗೆ ಬಿದ್ದದ್ದು ಎಷ್ಟೋ.

ಆಗ ನಾವು ಬೊಬ್ರುವಾಡದಲ್ಲಿದ್ದೆವು. ಊರ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದ ಮೇಲೆ ಹುಡುಗಿಗೆ ಇನ್ನೆಂಥ ಓದು ಎಂದು ನನ್ನನ್ನು ಬಿಡಿಸಿದ್ದರು. ಅದೇ ಹೊತ್ತಿಗೆ ನಮ್ಮ ಮನೆಯಿಂದ ಕೂಗಳತೆಯಲ್ಲಿ ಒಬ್ಬ ಉಪದೇಶಿ ಬಾಡಿಗೆಗೆ ಬಂದ. ಲೂಥರನ್ ಸಭೆಯ ಕ್ರೈಸ್ತನಂತೆ, ಮಂಗಳೂರು ಕಡೆಯವನಂತೆ. ಉದ್ದ ಕೋಟು, ಒಂದು ಸ್ವರದ ಮನೆ ಸದಾ ಕಚ್ಚಿಕೊಂಡೇ ಇರುವ ಹಾರ್ಮೋನಿಯಂ, ಮತ್ತು ತನ್ನ ಮಾತಿಗೆ ತಾನೇ ತಲೆದೂಗುವ ಚಾಳಿ. ಅಂಕೋಲೆಯ ಸಂತೆಯ ದಿನ ಮರದ ಕೆಳಗೆ ನಿಂತು, ಮನುಷ್ಯ ಹುಟ್ಟುವಾಗಲೇ ಪಾಪಿ, ಯಾವ ಒಳ್ಳೆಯ ಕೆಲಸದಿಂದಲೂ ಆ ಪಾಪ ತೊಳೆಯದು, ನಂಬಿದವನಿಗೆ ದೇವರ ಕೃಪೆ ಪುಕ್ಕಟೆ ಎಂದು ಸಾರುತ್ತಿದ್ದ. ಒಮ್ಮೆ ಕೇಣಿಯ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ, "ನಾ ಹುಟ್ಟೂವಾಗೆ ನೀವು ಬದಿಗೇ ಇದ್ರಾ ಒಡ್ಯಾ?" ಎಂದು ಕೇಳಿದಳು. ಸಂತೆಯೆಲ್ಲ ನಕ್ಕಿತು. ಉಪದೇಶಿ ಹಾರ್ಮೋನಿಯಂ ಒತ್ತಿದ.

ನಾನು ಅಲ್ಲಿಗೆ ಹೋಗತೊಡಗಿದ್ದು ಕೃಪೆಗಾಗಿ ಅಲ್ಲ. ಉಪದೇಶಿಯ ಹೆಂಡತಿ, ನಾವೆಲ್ಲ ಉಪದೇಶಿಯಮ್ಮ ಅನ್ನುತ್ತಿದ್ದವಳು, ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಹುಡುಗಿಯರಿಗೆ ಓದು ಹೇಳುತ್ತಿದ್ದಳು. ಅವಳ ಹತ್ತಿರ ಒಂದು ಟ್ರಂಕು ತುಂಬ ಪುಸ್ತಕಗಳಿದ್ದವು. ಶಾಲೆಯಲ್ಲಿ ಐದು ಹುಡುಗಿಯರಿಗೆ ಒಂದು ಪುಸ್ತಕವಾಗಿ ತಲೆಕೆಳಗಾದ ಅಕ್ಷರವನ್ನೇ ಓದಿ ಅಭ್ಯಾಸವಾದ ನನಗೆ ಆ ಟ್ರಂಕು ಕಂಡು ಹೊಟ್ಟೆ ಹಸಿದಂತಾಯಿತು. ಓದು ಎಲ್ಲಿ ಸಿಕ್ಕರೂ ಓದೇ ಎಂದು ಅಪ್ಪ ಒಪ್ಪಿದ. ಅಲ್ಲಿ ನೀರು ಸಹ ಕುಡಿಯಬಾರದು ಎಂದಷ್ಟೇ ಅವ್ವಿ ಹೇಳಿದಳು.

ಉಪದೇಶಿಯಮ್ಮ ಓದು ಮುಗಿಸಿದ ಮೇಲೆ ಉಪದೇಶಿ ಬಂದು ಪ್ರಶ್ನೋತ್ತರ ಹೇಳಿಸುತ್ತಿದ್ದ. ಅವರ ದೇವರ ಹತ್ತು ಆಜ್ಞೆಗಳಲ್ಲಿ ಒಂದು, ಅದರ ಹಿಂದೆಯೇ "ಇದರ ಅರ್ಥವೇನು?" ಎಂಬ ಪ್ರಶ್ನೆ, ಆಮೇಲೆ ಉತ್ತರ. ತಪ್ಪದೆ ಒಪ್ಪಿಸಿದವರಿಗೆ ಬಣ್ಣದ ಚಿತ್ರ. ಒಂದು ಶಬ್ದ ತಪ್ಪಿದರೂ ಅಂಗೈಗೆ ಅಡಿಕೋಲು. ಕೃಪೆ ಪುಕ್ಕಟೆ, ಚಿತ್ರ ಮಾತ್ರ ಬಾಯಿಪಾಠಕ್ಕೆ. ತಂದೆತಾಯಿಯನ್ನು ಗೌರವಿಸಬೇಕು ಎನ್ನುವ ಆಜ್ಞೆ ಬಂದಾಗ ಅವನ ದನಿ ಏರುತ್ತಿತ್ತು. ತಂದೆತಾಯಿ ಅಂದರೆ ಮನೆಯವರಷ್ಟೇ ಅಲ್ಲ, ಸರ್ಕಾರವೂ ನಮಗೆ ತಂದೆತಾಯಿ, ಅದನ್ನು ದೇವರೇ ನೇಮಿಸಿದ್ದಾನೆ ಎನ್ನುತ್ತಿದ್ದ. ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ಅಂಕೋಲೆಯ ಕಡೆಯ ರೈತರೆಲ್ಲ ಹಟ ಹಿಡಿದ ಕಾಲ ಅದು. ಅಷ್ಟರೊಳಗೆ ನಮ್ಮ ಅಪ್ಪನನ್ನೂ ಹಿಡಿದು ಜೈಲಿಗೆ ಹಾಕಿದ್ದರು. ನಿಜವಾದ ತಂದೆಯನ್ನು ಒಯ್ದು ಕೂಡಿಹಾಕಿದವರನ್ನು ತಂದೆ ಅನ್ನಬೇಕಂತೆ. ನಾನು ತಲೆ ತಗ್ಗಿಸಿ ಒಪ್ಪಿಸುತ್ತಿದ್ದೆ. ನನಗೆ ಟ್ರಂಕು ಬೇಕಿತ್ತು.

ಒಂದು ದಿನ ಕಂದಾಯದ ಬಾಕಿಗೆಂದು ಜಪ್ತಿಯವರು ನಮ್ಮ ಮನೆಗೂ ಬಂದರು. ಒನಕೆ, ದೀಪದ ಸಮೆ, ಭತ್ತದ ಮುಡಿ ಎಲ್ಲ ಅಂಗಳಕ್ಕೆ ತಂದು ಹಾಕಿದರು. ಅವ್ವಿ ಯಾವುದಕ್ಕೂ ಅಳಲಿಲ್ಲ. ಒಲೆಯ ಮೇಲಿಂದ ಹಂಡೆ ಇಳಿಸಿ ಬಿಸಿನೀರು ಚೆಲ್ಲಿದಾಗ ಮಾತ್ರ ಸೆರಗನ್ನು ಬಾಯಿಗೆ ಹಿಡಿದಳು. ಜಪ್ತಿಯ ಮಾಲಿಗೆ ಸವಾಲು ಕೂಗಬಾರದು ಎಂದು ಊರಿನ ಕಟ್ಟುಪಾಡು. ಹರಾಜಿನ ದಿನ ಊರವರು ಬೆನ್ನು ತಿರುಗಿಸಿ ನಿಂತರಂತೆ. ಆದರೂ ಹಂಡೆ ಹೋಯಿತು. ಯಾರಿಗೆ ಹೋಯಿತೆಂದು ತಿಳಿಯಲಿಲ್ಲ. ಘಟ್ಟದ ಮೇಲಿನ ಯಾವನೋ ಕೊಂಡಿರಬೇಕು ಅಂದುಕೊಂಡೆವು. ಅವ್ವಿ ಮಣ್ಣಿನ ಮಡಕೆಯಲ್ಲಿ ನೀರು ಕಾಯಿಸಿ ನಮಗೆ ಮೀಯಿಸುವಾಗ ದಿನವೂ ಒಮ್ಮೆ ಅಗಸೂರಿನ ಹೆಸರು ಎತ್ತುತ್ತಿದ್ದಳು.

ಎರಡು ವರ್ಷ ಗಂಟಲು ಹರಿದುಕೊಂಡ ಉಪದೇಶಿಗೆ ಕೊನೆಗೂ ಫಲ ಸಿಕ್ಕಿತು. ಅವನ ಅಡುಗೆಯವನೂ ಅಡುಗೆಯವನ ಹೆಂಡತಿಯೂ ದೀಕ್ಷಾಸ್ನಾನಕ್ಕೆ ಒಪ್ಪಿದರು. ಕೆಲಸ ಉಳಿಯಬೇಕಲ್ಲ, ಇನ್ನೇನು ಮಾಡಿಯಾರು ಎಂದು ಊರವರು ಆಡಿಕೊಂಡರು. ಸ್ನಾನ ಕೊಡಲು ಕಾರವಾರದಿಂದ ದೊಡ್ಡ ಪಾದ್ರಿ ಬರುವವರಿದ್ದರು. ಅವರೆದುರು ನಾವು ಹುಡುಗಿಯರು ಪಾಠ ಒಪ್ಪಿಸಬೇಕು. ಚೆನ್ನಾಗಿ ಒಪ್ಪಿಸಿದವಳಿಗೆ ಟ್ರಂಕಿನಿಂದ ತನಗೆ ಬೇಕಾದ ಪುಸ್ತಕ. ನಾನು ಹಗಲೆಲ್ಲ ಗೊಣಗಿ ಗೊಣಗಿ ಕಲಿತೆ. ನೀರಿಗೆ ತನ್ನಷ್ಟಕ್ಕೆ ಯಾವ ಶಕ್ತಿಯೂ ಇಲ್ಲ, ದೇವರ ವಾಕ್ಯ ಕೂಡಿದರೆ ಮಾತ್ರ ಅದು ದೀಕ್ಷೆಯ ನೀರು, ಇಲ್ಲದಿದ್ದರೆ ಅದು ಬರಿಯ ನೀರು, ಇದೂ ಬಾಯಿಗೆ ಬಂತು.

ಆ ಭಾನುವಾರ ಜಗಲಿಯಲ್ಲಿ ಒಂದು ಸ್ಟೂಲು. ಅದಕ್ಕೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ನೀರು ತುಂಬಿದ ತಾಮ್ರದ ಹಂಡೆ, ನೆಗ್ಗು ನನ್ನ ಕಡೆಗೇ.

ಪಾದ್ರಿ ಪುಸ್ತಕ ತಿರುವಿ ನನಗೆ ಒಂಬತ್ತನೆಯ ಆಜ್ಞೆ ಕೇಳಿದರು. ನಿನ್ನ ನೆರೆಯವನ ಮನೆಯನ್ನು ಆಶಿಸಬೇಡ ಎಂದು ಒಪ್ಪಿಸಿದೆ. ಇದರ ಅರ್ಥವೇನು ಎಂದರು. ನೆರೆಯವನ ಆಸ್ತಿಯನ್ನು ಮೋಸದಿಂದ ಬಯಸಬಾರದು, ಕಾಯಿದೆಯ ನೆಪ ಹೇಳಿ ಕಸಿದುಕೊಳ್ಳಲೂ ಬಾರದು, ಅವನ ಹತ್ತಿರವೇ ಅದು ಉಳಿಯುವಂತೆ ನೆರವಾಗಬೇಕು ಎಂದೆ. ಒಂದು ಶಬ್ದ ತಪ್ಪಲಿಲ್ಲ. ಪಾದ್ರಿ ಮೆಚ್ಚಿ ತಲೆ ಅಲ್ಲಾಡಿಸಿದರು. ಉಪದೇಶಿಯಮ್ಮ ಟ್ರಂಕಿನ ಮುಚ್ಚಳ ಎತ್ತಿದಳು. ನಾನು ಹೋಗಿ ಪುಸ್ತಕ ಆರಿಸಬೇಕು, ಅಷ್ಟೇ. ನಾನು ಹಂಡೆಯ ಕಡೆ ತಿರುಗಿದೆ.

"ಅದು ನಮ್ಮ ಅವ್ವಿ ಹಂಡೆ," ಎಂದೆ. "ಇದರ ಅರ್ಥ ಏನು?"

ನನ್ನ ದನಿಯೇ ಅದು ಎಂದು ನನಗೆ ನಂಬಿಕೆಯಾಗಲಿಲ್ಲ. ಪಾದ್ರಿ ಉಪದೇಶಿಯ ಮುಖ ನೋಡಿದರು. ಉಪದೇಶಿ ನಕ್ಕು, "ಕಾಯಿದೆ ಪ್ರಕಾರ ಹರಾಜಿನಲ್ಲಿ ಕೊಂಡದ್ದು, ಅಯ್ಯನವರೇ," ಎಂದ. ಆ ಮಾತು ಬಾಯಿಂದ ಬಿದ್ದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಕೇಳಿಸಿರಬೇಕು, ನಗು ಅರ್ಧಕ್ಕೆ ನಿಂತಿತು. ಪಾದ್ರಿ ಪುಸ್ತಕ ಮುಚ್ಚಿದರು. ಅಷ್ಟು ಓದಿದವರು, ಅಷ್ಟು ದೂರದಿಂದ ಬಂದವರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಇನ್ನು ಸಂಗೀತವಾಗಲಿ ಎಂದರು. ಹಾರ್ಮೋನಿಯಂ ಒದರಿತು. ನಮ್ಮ ಹಂಡೆಯ ನೀರನ್ನು ಅಡುಗೆಯವನ ತಲೆಗೆ ಮೂರು ಸಲ ಹಾಕಿದರು. ನಾನು ಪುಸ್ತಕ ತೆಗೆದುಕೊಳ್ಳದೆ ಮನೆಗೆ ಬಂದೆ.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಉಪದೇಶಿಯಮ್ಮ ಸುಡುವ ಬಿಸಿಲಲ್ಲಿ ಹಂಡೆಯನ್ನು ಸೊಂಟದ ಮೇಲೆ ಹೊತ್ತು ಬಂದು ಅಂಗಳದಲ್ಲಿ ಇಳಿಸಿದಳು. "ಅವರಿಗೆ ನಾನು ಹೇಳಿಕೊಳ್ಳುತ್ತೇನೆ," ಎಂದಳು ಅವ್ವಿಗೆ. ನನ್ನ ಕಡೆ ನೋಡಲಿಲ್ಲ. ಕುಡಿಯಲು ನೀರು ಬೇಕೇ ಎಂದು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ಇನ್ನು ನಮ್ಮವರ ಜಾಣತನ ಕೇಳಿ. ದೊಡ್ಡಪ್ಪ ಬಂದ. ಜ್ವರ ಬಂದಾಗಲೆಲ್ಲ ಉಪದೇಶಿ ಕೊಡುವ ಗುಳಿಗೆಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದವನು ಈಗ ಹಂಡೆಯಿಂದ ಮಾರು ದೂರ ನಿಂತ.

"ಇದ್ರಲ್ಲಿ ಮಿಂದ್ರೆ ಮನೆಮಂದಿಯೆಲ್ಲ ಕಿರಿಸ್ತಾಂವರೇ ಆಗೂದು. ಹೊಳೆಗೆ ಒಗಿರಿ."

ಅಕ್ಕಪಕ್ಕದವರು ಹೌದು ಹೌದು ಎಂದರು. ಅವ್ವಿ ಹಂಡೆಯ ಕಂಠದ ಮೇಲೆ ಕೈ ಇಟ್ಟು ಕೂತಿದ್ದಳು. ಸರ್ಕಾರ ಒಯ್ದದ್ದು ಬಂತು, ಈಗ ಮನೆಯವರೇ ಒಯ್ಯುವವರಿದ್ದರು. ನಾನು ಅವಳ ಬೆನ್ನ ಹಿಂದೆ ಮುಖ ಅಡಗಿಸಿಕೊಂಡು, ಅವಳಿಗಷ್ಟೇ ಕೇಳುವಂತೆ, "ನೀರಿಗೆ ಶಕ್ತಿ ಇಲ್ಲ ಅವ್ವಿ. ಅವ್ರ ದೇವರ ಮಾತು ಸೇರಿದ್ರೆ ಮಾತ್ರ. ಇಲ್ಲದಿದ್ರೆ ಬರೀ ನೀರು," ಎಂದೆ.

"ಅವ್ರ ಪುಸ್ತಕದಲ್ಲೇ ಹಾಂಗೆ ಬರ್ದಿದ್ರಾ?"

"ಹೌದು. ನಂಗೆ ಬಾಯಿಪಾಠ."

ಅವ್ವಿ ದೊಡ್ಡಪ್ಪನ ಕಡೆ ತಿರುಗಿ, "ಅವ್ರೇ ಬರೀ ನೀರು ಅಂತ್ರಂತೆ ಭಾವ. ನಿಮ್ಗೆ ಎಂತಕ್ಕೆ ಹೆದ್ರಿಕೆ?" ಎಂದಳು. ಆಮೇಲೆ ನನಗೆ, "ಹುಳಿ ತಕಂಡ್ ಬಾ."

ಆ ದಿನ ಅಂಗಳದಲ್ಲಿ ಎದ್ದ ವಾಸನೆಯೇ ನಿನ್ನೆ ಬೆಳಿಗ್ಗೆ ನನ್ನ ಮೂಗಿಗೆ ಬಂದದ್ದು.

ಆಮೇಲೆ ನಾನು ಆ ಜಗಲಿ ಹತ್ತಲಿಲ್ಲ. ಉಪದೇಶಿಗೆ ಬೇರೆ ಊರಿಗೆ ವರ್ಗವಾಯಿತು. ಸಂತೆಯಲ್ಲಿ ಅವನಿಲ್ಲವೆಂದು ಮರುಗಿದ್ದು ಕೇಣಿಯ ಆ ಹೆಂಗಸೊಬ್ಬಳೇ. ಇಷ್ಟು ವರ್ಷ ಅವನನ್ನು ನೆನೆದಾಗಲೆಲ್ಲ ಮೂಗು ಮುರಿದಿದ್ದೇನೆ, ಇವತ್ತೂ ಮುರಿಯುತ್ತೇನೆ. ಆದರೆ ನಿನ್ನೆ ಹಂಡೆಯ ಪಕ್ಕ ಕಾಗದ ಹರವಿಕೊಂಡು ಕೂತಾಗ ಒಂದು ಮಾತು ಹೊಳೆಯಿತು. ಈ ಪುಟಗಳ ಅರ್ಧಕ್ಕರ್ಧ ಅಕ್ಷರಗಳನ್ನು ನನಗೆ ತಿದ್ದಿಸಿದವಳು ಉಪದೇಶಿಯಮ್ಮ. ಬಿಸಿಲಲ್ಲಿ ಅಷ್ಟು ಭಾರ ಹೊತ್ತವಳಿಗೆ ಮನೆಯಲ್ಲಿ ಏನು ಕಾದಿತ್ತೋ, ನಾವು ವಿಚಾರಿಸಲಿಲ್ಲ. ಪಾದ್ರಿಯನ್ನು ಹೀಗಳೆಯುವ ನಾನೂ ಸುಮ್ಮನಿದ್ದವಳೇ. ಇದರ ಅರ್ಥವೇನು ಎಂದು ಆಮೇಲೆ ಇನ್ಯಾರನ್ನೂ ಕೇಳಲಿಲ್ಲ, ನಿಮ್ಮ ಅಜ್ಜನನ್ನು ಸಹ.

ಶೈಲಾ, ಹಂಡೆ ಒಯ್ಯಿ. ನೆಗ್ಗು ಬಡಿಸಬೇಡ, ಅದಿಲ್ಲದಿದ್ದರೆ ಹಂಡೆ ನಮ್ಮದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ವಿನಾಯಕ, ಈ ಹಾಳೆಗಳನ್ನು ಅಟ್ಟದಲ್ಲಿ ತುರುಕಬೇಡ, ಒರಲೆ ತಿನ್ನುತ್ತದೆ. ಹಂಡೆಯನ್ನು ಚೆನ್ನಾಗಿ ಒರೆಸಿ ಒಣಗಿಸಿ, ಅದರೊಳಗೇ ಇಟ್ಟು ಮುಚ್ಚಳ ಹಾಕು. ಈಗಂತೂ ಅದರಲ್ಲಿ ಯಾರ ನೀರೂ ಇಲ್ಲ.