ಬ್ರೇಕ್ ಲೈಟಿನ ಬದಲು ಒಂದು ಕೈ

ಬಾಗಿಲ ದಾರಂದವನ್ನು ಒಂದು ಕೈಯಲ್ಲಿ ಹಿಡಿದು, ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗಿನ ಮೆಟ್ಟಿಲಲ್ಲಿ, ಅರ್ಧ ಮೈ ಹೊರಗೆ. ನೆರೆಮನೆಯ ಕಂಡಕ್ಟರಣ್ಣ ಯಾರ ಮನೆಗೆ ಬಂದರೂ ನಿಲ್ಲುತ್ತಿದ್ದುದು ಹೀಗೆಯೇ. ಬಂಟ್ವಾಳ–ಮೂಡುಬಿದಿರೆ ದಾರಿಯ ಖಾಸಗಿ ಬಸ್ಸಿನ ಬಾಗಿಲಲ್ಲೇ ಪ್ರಾಯ ಕಳೆದವರು. ಕೆಲಸ ಬಿಟ್ಟು ನರಿಕೊಂಬಿನ ಮನೆ ಸೇರಿದ ಮೇಲೂ ಅವರ ಮೈ ಬಸ್ಸಿನಿಂದ ಇಳಿದಿರಲಿಲ್ಲ. "ಕೂತುಕೊಳ್ಳಿ ಮಾರಾಯ್ರೆ, ಚಾ ಚೆಲ್ತದೆ" ಎಂದರೆ, "ಕೂತ್ರೆ ನಿದ್ದೆ ಬರ್ತದೆ ಟೀಚರೇ, ನಿದ್ದೆ ಬಂದ್ರೆ ಟ್ರಿಪ್ ಹೋಗ್ತದೆ" ಎನ್ನುತ್ತಿದ್ದರು. ಊರವರೊಡನೆಲ್ಲ ತುಳು, ನಾನು ಶಾಲೆಯ ಟೀಚರು ಎಂಬ ಒಂದೇ ಕಾರಣಕ್ಕೆ ನನ್ನೊಡನೆ ಮಾತ್ರ ಕನ್ನಡ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನ ಕಿಡ್ನಿ ಕೈಕೊಟ್ಟು ವಾರಕ್ಕೆ ಎರಡು ಸಲ ಮೂಡುಬಿದಿರೆಯಲ್ಲಿ ಡಯಾಲಿಸಿಸ್ ಶುರುವಾದಾಗ, ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲು ಅವರ ಊದಿದ ಕಾಲಿಗೆ ಆಗಲಿಲ್ಲ, ರಿಕ್ಷಾದ ಕುಲುಕಾಟ ಹೊಟ್ಟೆಗೆ ಆಗಲಿಲ್ಲ. ನನ್ನ ಶಾಲೆ ಅದೇ ಊರಲ್ಲಿ. ಕಾರು ಕಲಿತು ಹೆಚ್ಚು ಕಾಲವಾಗಿರಲಿಲ್ಲ, ಸ್ಟೇರಿಂಗ್ ಹಿಡಿದರೆ ಕೈ ಬೆವರುತ್ತಿತ್ತು. ಆದರೂ ಇಬ್ಬರನ್ನೂ ಕೂರಿಸಿಕೊಂಡು ಹೋಗತೊಡಗಿದೆ. ಆ ದಿನಗಳಲ್ಲಿ ನನಗೆ ಅಲಾರಂ ಬೇಡ. ಹಾಲು ಕಾಯುವ ಮೊದಲೇ ಗೇಟಿನಲ್ಲಿ ದನಿ: "ಹೊರಡುವಾ ಟೀಚರೇ?" ನಾನು ಹಲ್ಲುಜ್ಜುವಾಗ ಇನ್ನೊಮ್ಮೆ. ದೋಸೆ ಬಾಯಿಗಿಡುವಾಗ ಮತ್ತೊಮ್ಮೆ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈ ಮನುಷ್ಯನೊಡನೆ ಅಕ್ಕ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರೋ ದೇವರೇ ಬಲ್ಲ ಎಂದು ಗೊಣಗುತ್ತಿದ್ದೆ.

ಆದರೆ ಆ ಗಡಿಬಿಡಿಗೆ ಕಾರಣವಿತ್ತು. ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಮೆಷಿನು ಮುಂದಿನವರಿಗೆ. ಹಿಂದೊಮ್ಮೆ ರಸ್ತೆಗೆ ಮರ ಬಿದ್ದು ಸರದಿ ತಪ್ಪಿದಾಗ ಅಕ್ಕನ ಮೈಯೆಲ್ಲ ನೀರು ತುಂಬಿ, ಉಸಿರು ಕಟ್ಟಿ, ಅವರು ಐಸಿಯುವಿನಲ್ಲಿ ಮಲಗಿ ಬಂದಿದ್ದರು. ಅಂದಿನಿಂದ ಕಂಡಕ್ಟರಣ್ಣನಿಗೆ ಗಡಿಯಾರವೇ ವೈರಿ.

ಒಂದು ಬೆಳಿಗ್ಗೆ ಸಿದ್ಧಕಟ್ಟೆ ಪೇಟೆಯಲ್ಲಿ ದನವೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಹಿಂದಿನಿಂದ ಬಸ್ಸೊಂದು ಕಿರ್ರೆಂದು ನಮ್ಮ ಕಾರಿನ ಹಿಂಬದಿಗೆ ಗೇಣು ದೂರದಲ್ಲಿ ನಿಂತಿತು. ಅದರ ಕಂಡಕ್ಟರ್ ಬೈಯಲೆಂದೇ ಇಳಿದು ಬಂದವನು ನಮ್ಮ ಕಂಡಕ್ಟರಣ್ಣನ ಮುಖ ನೋಡಿ ತಣ್ಣಗಾದ. "ಅಣ್ಣಾ, ನೀವಾ? ಕಾರಿಗೆ ಬ್ರೇಕ್ ಲೈಟೇ ಇಲ್ಲ ಮಾರಾಯ್ರೆ!"

ಪಕ್ಕದ ಗ್ಯಾರೇಜಿನವನು ಪೆಡಲಿನ ಬುಡಕ್ಕೆ ತಲೆ ತೂರಿಸಿ ನೋಡಿದ. ಬಲ್ಬು ಸರಿ ಉಂಟು, ಸ್ವಿಚ್ಚು ಹೋಗಿದೆ ಎಂದ. ಬ್ರೇಕ್ ಒತ್ತಿದರೆ ಹಿಂದಿನ ದೀಪಕ್ಕೆ ಸುದ್ದಿ ಮುಟ್ಟಿಸುವ ಬೆರಳುದ್ದದ ಸಾಮಾನು. ಅವನಲ್ಲಿ ಇರಲಿಲ್ಲ. "ವಯರು ಎರಡನ್ನೂ ಸೇರಿಸಿ ಕಟ್ಲಾ? ಲೈಟು ಉರೀತಾ ಇರ್ತದೆ" ಎಂದ.

"ಬೇಡ. ಯಾವಾಗ್ಲೂ ಬೊಬ್ಬೆ ಹಾಕುವವನ ಬೊಬ್ಬೆಗೆ ಯಾರು ತಿರುಗಿ ನೋಡ್ತಾರೆ?" ಎಂದರು ಕಂಡಕ್ಟರಣ್ಣ.

ನಮ್ಮ ಕಡೆ ಬಸ್ಸೆಂದರೆ ಅಂಚೆಯೂ ಹೌದು. ಮದ್ದು, ಬುತ್ತಿ, ಪಂಪಿನ ಬೆಲ್ಟು, ಏನಿದ್ದರೂ ಕಂಡಕ್ಟರನ ಕೈಗಿತ್ತರೆ ಹೇಳಿದ ಸ್ಟಾಪಿನಲ್ಲಿ ಇಳಿಯುತ್ತದೆ. ಮೂಡುಬಿದಿರೆಯಿಂದ ಹೊರಡಲಿದ್ದ ಬಸ್ಸಿನ ಕಂಡಕ್ಟರ್ ಹುಡುಗನಿಗೆ ಇವರು ಫೋನು ಮಾಡಿ, ಸ್ವಿಚ್ಚಿನ ಫೋಟೋ ಕಳಿಸಿ, ಅಂಗಡಿಯಿಂದ ತೆಗೆದು ಸಿದ್ಧಕಟ್ಟೆಗೆ ತಾ ಎಂದರು. ಆಯಿತು, ಕಾಯುವುದಷ್ಟೇ ಬಾಕಿ. ಆದರೆ ಕಾಯುವುದು ಯಾರು? ಕಾರಿಗೆ ಸುತ್ತು ಬಂದರು, ಗಡಿಯಾರ ನೋಡಿದರು, ಅಕ್ಕನ ಕಾಲಿನ ಊತವನ್ನು ಬೆರಳಿನಿಂದ ಒತ್ತಿ ನೋಡಿದರು.

"ಆಗುದಿಲ್ಲ ಟೀಚರೇ. ನಾನು ಹಿಂದೆ ಕೂತು ಕೈ ತೋರಿಸ್ತೇನೆ. ನೀವು ಬ್ರೇಕ್ ಒತ್ತುವ ಮೊದ್ಲು ಬಾಯಲ್ಲಿ ಹೇಳಿ. ಹೋಗುವ."

ಹೊರಟೆವು. ನಾನು "ಬ್ರೇಕ್!" ಎಂದು ಕೂಗುವುದು, ಅವರು ಹಿಂದಿನ ಕಿಟಕಿಯಿಂದ ಕೈ ಚಾಚಿ ಮೇಲೆ ಕೆಳಗೆ ಆಡಿಸುವುದು. ತರಗತಿಯಲ್ಲಿ ಮಗ್ಗಿ ಹೇಳಿಸಿದ ಹಾಗೆ ಕೂಗಿ ಕೂಗಿ ಗಂಟಲು ಬಿತ್ತು. ಮುಂದೆ ಕೂತ ಅಕ್ಕನಿಗೆ ನಗು ತಡೆಯಲಿಲ್ಲ. ಒಂದು ಬಸ್ಸು ಎದುರಿನಿಂದ ಬಂದು ಹಾದುಹೋಯಿತು. ಅದರ ಕಂಡಕ್ಟರ್ ನಮ್ಮತ್ತ ಏನೋ ಬೀಸುತ್ತ ಅರಚುತ್ತಿದ್ದ. ಇವರೂ ಖುಷಿಯಿಂದ ಕೈ ಬೀಸಿದರು.

ಆಮೇಲಿನ ತಿರುವಿನಲ್ಲಿ ನಾನು "ಬ್ರೇಕ್!" ಎಂದೆ. ಅದೇ ಗಳಿಗೆ ಹಿಂದಿನಿಂದ ಇನ್ನೊಂದು ಬಸ್ಸು ಹಾರ್ನ್ ಹಾಕಿತು. ಬಸ್ಸಿನ ಬಾಗಿಲಲ್ಲಿ ಆಯುಷ್ಯ ಕಳೆದ ಕೈ ಅದು. ಹಾರ್ನ್ ಕೇಳಿದರೆ ದಾರಿ ಬಿಡುವುದೇ ಅದಕ್ಕೆ ಗೊತ್ತು. ನಿಧಾನ ಎನ್ನಬೇಕಾದ ಕೈ, ಬಾ ಬಾ ಎಂದು ಬೀಸಿತು. ಬಸ್ಸು ನುಗ್ಗಿ ಬಂತು. ಎದುರಿಗೆ ಕಲ್ಲಿನ ಲಾರಿ. ನಾನು ಕಣ್ಣಿಗೆ ಕತ್ತಲೆ ಕವಿದವಳಂತೆ ಕಾರನ್ನು ಮಣ್ಣಿಗೆ ಇಳಿಸಿದೆ. ಹೇಗೆ ಉಳಿದೆವೋ, ಇಂದಿಗೂ ನನಗೆ ತಿಳಿಯದು.

"ನಿಮ್ಮ ಕಂಡಕ್ಟರಿಕೆ ಇನ್ನೂ ಮುಗೀಲಿಲ್ವಾ?" ಅಕ್ಕ ತಿರುಗಿ ಗದರಿದರು. ಕಂಡಕ್ಟರಣ್ಣ ಚಾಚಿದ್ದ ಕೈಯನ್ನು ಒಳಗೆಳೆದುಕೊಂಡರು. "ಇವಳಿಗೆ ಎಂಥಾದ್ರೂ ಆದ್ರೆ ನಾನು ಎಂಥ ಮಾಡುದು ಟೀಚರೇ?" ಎಂದರು. ಬೈಯಬೇಕೆಂದು ಬಾಯಿ ತೆರೆದಿದ್ದೆ. ಆಗಲಿಲ್ಲ. ಇಷ್ಟು ದಿನ ಗೇಟಿನಲ್ಲಿ ನಿಂತು ಕೂಗುತ್ತಿದ್ದದ್ದು ಹೆದರಿಕೆ ಎಂದು ಆಗ ಅರ್ಥವಾಯಿತು.

ಅಲ್ಲಿಂದ ಮುಂದೆ ಸರಿಯಾಗಿ ಕೈ ತೋರಿಸಿದರು. ಹೊತ್ತು ಮೀರುವ ಮೊದಲೇ ಮುಟ್ಟಿದೆವು, ಅಕ್ಕನಿಗೆ ಮೆಷಿನು ಸಿಕ್ಕಿತು. ಆಗಲೇ ಕಂಡಕ್ಟರಣ್ಣನಿಗೆ ಆ ಬಸ್ಸಿನ ಹುಡುಗನ ಫೋನು: "ಅಣ್ಣಾ, ನಿಮ್ಮ ಸ್ವಿಚ್ಚು ಸಿದ್ಧಕಟ್ಟೆಯಲ್ಲಿ ಕೊಟ್ಟಿದ್ದೇನೆ. ದಾರಿಯಲ್ಲಿ ತೋರಿಸಿದೆ, ನೀವು ಟಾಟಾ ಮಾಡಿದ್ರಿ!" ಸ್ವಿಚ್ಚು ಇದ್ದ ಊರಿಗೆ ನಾವು ಬಂದಿದ್ದೆವು, ನಾವಿದ್ದ ಊರಿಗೆ ಸ್ವಿಚ್ಚು ಹೋಗಿತ್ತು. ಹತ್ತು ನಿಮಿಷ ಕಾಯಲಾರದ್ದಕ್ಕೆ ಇಷ್ಟು ಪುರಾಣ! ನಾನು ಆಸ್ಪತ್ರೆಯ ಅಂಗಳದಲ್ಲೇ ಬಿದ್ದು ಬಿದ್ದು ನಕ್ಕೆ.

ಶಾಲೆಗೆ ಅರ್ಧ ದಿನ ರಜೆ ಹೇಳಿದೆ. ಸ್ವಿಚ್ಚು ಮತ್ತೊಂದು ಬಸ್ಸಿನಲ್ಲಿ ವಾಪಸ್ ಬಂತು. ಹತ್ತಿರದ ಮೆಕ್ಯಾನಿಕ್ ಪೆಡಲಿನ ಮೇಲಿಂದ ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ಕೂರಿಸಿದ. ನಾನು ಒತ್ತಿದೆ. ಹಿಂದೆ ನಿಂತಿದ್ದ ಕಂಡಕ್ಟರಣ್ಣ, "ಬಂತು! ಬಂತು!" ಎಂದು ಕೂಗಿದ್ದಕ್ಕೆ ಔಷಧದಂಗಡಿಯ ಕ್ಯೂ ಪೂರ್ತಿ ತಿರುಗಿ ನೋಡಿತು.

ಅಕ್ಕನೇ ಮೊದಲು ಹೋಗುವವರು ಎಂದು ನಾವೆಲ್ಲ ಒಳಗೊಳಗೆ ತಿಳಿದಿದ್ದೆವು. ಕಳೆದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಕಂಡಕ್ಟರಣ್ಣ ಬಾವಿಕಟ್ಟೆಯ ಬಳಿ ಕುಸಿದರು. ಡಾಕ್ಟರು ಬರುವ ಮೊದಲೇ ಮುಗಿದಿತ್ತು. ಅಂದು ಡಯಾಲಿಸಿಸ್ ದಿನ.

ಮನೆಯ ಚಾವಡಿಯಲ್ಲಿ ಅವರನ್ನು ಮಲಗಿಸಿದ್ದರು. ಮುಂಬೈಯಿಂದ ಮಗಳು ಬರಬೇಕಿತ್ತು. ಗೇಟಿನ ಹೊರಗೆ ಕಾರು ನಿಲ್ಲಿಸಿ ನಾನು ಒಳಗೆ ಬರಲೂ ಆಗದೆ ಹೋಗಲೂ ಆಗದೆ ಚಡಪಡಿಸುತ್ತಿದ್ದೆ. ಅಕ್ಕ ಎದ್ದು ನಿಂತರು. "ಹೆಣ ಎತ್ತುವ ಮೊದ್ಲು ಹೆಂಡತಿ ಮನೆ ಬಿಡುದಾ?" ಎಂದರು ಯಾರೋ ಹಿರಿಯರು.

"ಇವರು ಎದ್ದು ಕೂತಿದ್ರೆ ಇಷ್ಟೊತ್ತಿಗೆ ನನ್ನನ್ನು ದೂಡಿ ಕಳಿಸ್ತಿದ್ರು" ಎಂದರು ಅಕ್ಕ. "ಟೀಚರೇ, ಕಾರು ತೆಗೀರಿ. ನಾನು ಬರುವವರೆಗೆ ಇವರನ್ನು ಯಾರೂ ಎತ್ಬೇಡಿ."

ಹೋದೆವು. ನಾಲ್ಕು ಗಂಟೆ ಮೆಷಿನಿನ ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿ ಮಲಗಿದ್ದರು, ನಾನು ಅವರ ಕಾಲ ಬಳಿ ಕೂತಿದ್ದೆ. ನರಿಕೊಂಬಿಗೆ ಮರಳಿದಾಗ ಮಗಳು ಬಂದಾಗಿತ್ತು, ಸೌದೆ ಜೋಡಿಸಿಯಾಗಿತ್ತು, ಅಂಗಳದ ತುಂಬ ಜನ ಸುಮ್ಮನೆ ನಿಂತಿದ್ದರು. ಜೀವಮಾನದಲ್ಲಿ ಹತ್ತು ನಿಮಿಷ ಕಾದು ಗೊತ್ತಿಲ್ಲದ ಮನುಷ್ಯ ಅಂದು ಹೆಂಡತಿಗಾಗಿ ಇಡೀ ದಿನ ಕಾದಿದ್ದರು.