ಮಂದಿಯ ಟವೆಲು

ನಮ್ಮ ಕಡೆಯ ಬಸ್ಸುಗಳಲ್ಲಿ ಟವೆಲಿಗಿರುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ ಎಂದರೆ ನೀವು ನಗುತ್ತೀರಿ. ನಕ್ಕರೂ ಸರಿಯೇ, ಒಂದು ಬೆಳಿಗ್ಗೆ ಗೋಕಾಕದ ಬಸ್‌ಸ್ಟ್ಯಾಂಡಿಗೆ ಬಂದು ನೋಡಿ. ಮೂಡಲಗಿಯ ಬಸ್ಸು ಇನ್ನೂ ನೆಟ್ಟಗೆ ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲು, ಕರ್ಚೀಫು, ಕೈಚೀಲಗಳು ಹಾರಿ ಬೀಳುತ್ತವೆ. ಮನುಷ್ಯರು ಬಾಗಿಲಿಗೆ ನುಗ್ಗುವುದು ಆಮೇಲೆ. ಟವೆಲು ಬಿದ್ದ ಸೀಟು ಟವೆಲಿನ ಒಡೆಯನದು. ಅವನು ಯಾರು, ಹತ್ತಿದನೋ ಇಲ್ಲವೋ ಎಂದು ಕೇಳುವ ಪದ್ಧತಿ ಇಲ್ಲ. ಇಪ್ಪತ್ತು ವರ್ಷಗಳಿಂದ ಇದೇ ದಾರಿಯಲ್ಲಿ, ಕಲ್ಲೋಳಿಯ ಆಚೆಗಿನ ಒಂದು ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸಲು ಓಡಾಡುವ ನಾನೂ ಎಲ್ಲರಂತೆ ಹೆಗಲ ಮೇಲೊಂದು ಕೆಂಪಂಚಿನ ಬಿಳಿ ಟವೆಲು ಹಾಕಿಕೊಂಡೇ ಮನೆ ಬಿಡುತ್ತೇನೆ.

ಅಂದು ನನ್ನ ಟವೆಲು ಸೋತಿತ್ತು. ಮೂರನೆಯ ಕಿಟಕಿಯಿಂದ ಎಸೆದು, ಮೊಳಕೈ ತಿವಿಸಿಕೊಂಡು ಒಳಗೆ ಬರುವಷ್ಟರಲ್ಲಿ ಆ ಸೀಟಿನಲ್ಲಿ ಒಬ್ಬ ಮಹಾಶಯರು ಆಗಲೇ ಕಣ್ಣು ಮುಚ್ಚಿ ಕುಳಿತಿದ್ದರು, ಟವೆಲಿನ ಸುಳಿವಿರಲಿಲ್ಲ. ಮಾಸ್ತರಿಕೆಯ ಸಂಕೋಚ, ಜಗಳಕ್ಕೆ ಹೋಗಲಿಲ್ಲ. ಹಿಂದೆ ಒಂದು ಸೀಟು ಖಾಲಿ ಇತ್ತು, ಆದರೆ ಅದರ ಮೇಲೂ ಯಾರದೋ ಟವೆಲು ಮುದ್ದೆಯಾಗಿ ಬಿದ್ದಿತ್ತು. ಅದರ ಪಕ್ಕದಲ್ಲೇ ಕಂಬಿ ಹಿಡಿದು ನಿಂತೆ. ನನ್ನಂತೆ ಇನ್ನೂ ನಾಲ್ಕೈದು ಜನ ನಿಂತರು. ಬಸ್ಸು ಹೊರಟಿತು, ಒಡೆಯ ಬರಲಿಲ್ಲ, ಯಾರೂ ಕೂರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಬಸ್ಸಿನಲ್ಲಿರಲೇ ಇಲ್ಲ. ಅದು ಸುಜಾತಾಳ ಹತ್ತಿರ ಇತ್ತು. ಹತ್ತನೆಯ ತರಗತಿಯ ಹುಡುಗಿ, ಊರಿನ ನಾಲ್ಕೇ ನಾಲ್ಕು ಬೌದ್ಧ ಮನೆಗಳಲ್ಲಿ ಒಂದರವಳು, ಅಪ್ಪ ಅವ್ವ ಇಬ್ಬರೂ ಹೊಲದ ಕೆಲಸಕ್ಕೆ ಹೋಗುವವರು. ಶಾಲಾ ಸಂಸತ್ತಿನ ಚುನಾವಣೆಗೆ ಹಿಂದಿನ ದಿನ ಹೆಸರು ಬರೆದುಕೊಳ್ಳುತ್ತಿದ್ದಾಗ ಅವಳು ಎದ್ದು ನಿಂತು, ಪ್ರಧಾನಿ ಸ್ಥಾನಕ್ಕೆ ತನ್ನ ಹೆಸರು ಬರೆಯಿರಿ ಎಂದಳು. ನಾನು ಅವಳನ್ನು ಬದಿಗೆ ಕರೆದು, ಎಷ್ಟು ಅಕ್ಕರೆಯಿಂದ ಎನ್ನುತ್ತೀರಿ, ಹೇಳಿದೆ: "ನೀ ಉಪಪ್ರಧಾನಿಗೆ ನಿಂದರವಾ. ನಂದೇನೂ ಇಲ್ಲ, ಖರೆ ಮಂದಿ ಒಪ್ಪಂಗಿಲ್ಲ. ನೀ ಸೋತು ಅತ್ತರ ನನಗ ನೋಡಾಕ ಆಗಂಗಿಲ್ಲ."

ಅವಳು ಅಳಲಿಲ್ಲ, ವಾದಿಸಲಿಲ್ಲ. "ಯಾವ ಮಂದಿರಿ ಸರ್?" ಎಂದಳು ಅಷ್ಟೆ. ನಾನು ಅವಳ ಹೆಸರನ್ನು ಎರಡನೆಯ ಸಾಲಿನಲ್ಲಿ, ಉಪಪ್ರಧಾನಿಗೆಂದು ಬರೆದೆ. ಅಂದು ಮಧ್ಯಾಹ್ನದ ಗಂಟೆಯ ಹೊತ್ತಿಗೆ ಪಟ್ಟಿ ಅಂತಿಮವಾಗಬೇಕಿತ್ತು. ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ 'ಈ ದೇಶದಲ್ಲಿ ಅರ್ಹತೆಯುಳ್ಳ ಯಾವ ಪ್ರಜೆಯೂ ಪ್ರಧಾನಿಯಾಗಬಹುದು' ಎಂದು ಬರೆದು, ಎರಡು ಅಂಕಕ್ಕೆ ಪ್ರಶ್ನೆ ಕೇಳಿದ ಕೈಯೇ ಅವಳ ಹೆಸರನ್ನು ಹಾಗೆ ಬರೆದದ್ದು.

ಬಸ್ಸಿನಲ್ಲಿ ಯಾರೋ ನನ್ನ ಮನಸ್ಸನ್ನು ಓದಿದಂತೆ ಅದೇ ಮಾತು ಎದ್ದಿತು. ಗೋಕಾಕದ ಕಿರಾಣಿ ಅಂಗಡಿಯ ಕಾಕಾ ಪೇಪರು ಮಡಿಸಿ, ದೇಶಕ್ಕೆ ಮತ್ತೊಬ್ಬ ಹೆಣ್ಣುಮಗಳೋ, ಸಣ್ಣ ಸಮುದಾಯದ ಒಬ್ಬರೋ ಪ್ರಧಾನಿಯಾದಾರೇ ಎಂದು ಬರೆದಿದ್ದಾರೆ ನೋಡಿ ಎಂದು ಸುದ್ದಿ ತೆಗೆದು, ತಾವೇ ಮುಂದುವರಿಸಿದರು.

"ನಂದೇನೂ ಅಭ್ಯಂತರ ಇಲ್ರಿ. ಶಾಣ್ಯಾರಿದ್ರ ಸಾಕು, ಯಾರರ ಆಗವಲ್ರ್ಯಾಕ. ಖರೆ ಮಂದಿ ಒಪ್ಪಂಗಿಲ್ಲ. ಬೇಕಾರ ಮೂಡಲಗಿ ಕಡೆ ಕೇಳ್ರಿ."

ಮುಂದಿನ ಸೀಟಿನ ನರ್ಸಬಾಯಿ ತಿರುಗಿ ನೋಡಿದರು. "ಏ ಕಾಕಾ, ನಾನ ಮೂಡಲಗಿಯಾಕಿರಿ. ನಾವೇನ ಬ್ಯಾಡಂದೇವಿ? ಹುಕ್ಕೇರಿ ಕಡೆ ಮಂದಿ ಒಪ್ಪಂಗಿಲ್ಲ ನೋಡ್ರಿ."

ಮಗಳ ಊರಿಗೆ ಹೊರಟಿದ್ದ ಒಬ್ಬ ಅಜ್ಜ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು. "ನಾ ಹುಕ್ಕೇರ್ಯಾಂವ. ಹಿಂದ ಒಬ್ಬಾಕಿ ಆಗಿದ್ದಳಲ್ಲ, ನಾನ ವೋಟ ಹಾಕೇನಿ. ಇನ್ನೊಬ್ಬಾಕಿ ಬರಲಿ, ಹಾಕತೇನಿ. ನಿಮ್ಮ ಗೋಕಾಕದ ಶಾಣ್ಯಾ ಮಂದೀನ ಒಪ್ಪಂಗಿಲ್ಲ!"

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಹೊರಗೆ ಕಬ್ಬಿನ ಗದ್ದೆಗಳು ಇಬ್ಬನಿಯಲ್ಲಿ ತೇಲುತ್ತ ಹಿಂದೆ ಸರಿಯುತ್ತಿದ್ದವು. ನಿಂತಲ್ಲೇ ಜೋಂಪು ಹತ್ತಿದ ನನ್ನ ಅರೆಗಣ್ಣಿಗೆ ಆ ಖಾಲಿ ಸೀಟಿನಲ್ಲಿ ಯಾರೋ ಕುಳಿತಂತಾಯಿತು. ಇವನೇ ಇರಬೇಕು ಎಲ್ಲರೂ ಹೇಳುವ ಆ ಮಂದಿ ಎಂದುಕೊಂಡೆ. ತಲೆಗೆ ದೊಡ್ಡ ರುಮಾಲು, ಹುರಿ ಮೀಸೆ, ಮುಖ ಮಾತ್ರ ಕಿಟಕಿಯ ಕಡೆ. ಎಂಥ ವಿಚಿತ್ರ ಪುಣ್ಯಾತ್ಮ! ಮತದಾರರ ಪಟ್ಟಿಯಲ್ಲಿ ಇವನ ಹೆಸರಿಲ್ಲ, ಆದರೆ ಎಲ್ಲರೂ ಇವನನ್ನು ಕೇಳಿಯೇ ಮತ ಹಾಕುತ್ತಾರೆ. ಯಾವ ಊರಿಗೆ ಹೋದರೂ ಪಕ್ಕದ ಊರಿನಲ್ಲಿರುತ್ತಾನೆ. ಯಾರೊಬ್ಬರೂ ಇವನನ್ನು ಕಂಡಿಲ್ಲ, ಕಾಣದವನಿಗೆ ಹೆದರಿ ನಾವು ಎಷ್ಟು ಜನರನ್ನು ನಿಲ್ಲಿಸಿಬಿಟ್ಟಿದ್ದೇವೋ! ಈ ಕಡೆ ತಿರುಗಲಿ, ಮುಖ ನೋಡೋಣ ಎಂದು ನಾನು ಬಗ್ಗುವಾಗ ಬಸ್ಸು ಗಕ್ಕನೆ ನಿಂತಿತು.

ಕ್ರಾಸಿನಲ್ಲಿ ಬಾಳವ್ವ ಹತ್ತಿದಳು. ದಿನಾ ಕಾಣುವ ಮುಖ. ಕಳೆ ತೆಗೆಯುವ ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು, ಯಾರ ಹೊಲ ಮೊದಲು, ಯಾರದು ನಾಳೆ ಎಂಬುದೆಲ್ಲ ಅವಳ ಬಾಯಿಮಾತಿನ ಮೇಲೆ. ಅವಳು ಖಾಲಿ ಸೀಟನ್ನೂ ನಿಂತ ನಮ್ಮನ್ನೂ ಒಮ್ಮೆ ನೋಡಿದಳು.

"ಯಾರದ್ರಿ ಇದು?"

ಅವಳು ನನ್ನ ಕಡೆ ತಿರುಗಿದಳು.

"ಯಾರರ ಬರತಾರೇನ್ರಿ ಮಾಸ್ತರ?"

"ಬರಬಹುದವಾ," ಎಂದೆ ನಾನು, ರೂಢಿಯಂತೆ.

"ಬಸ್ಸ ಗೋಕಾಕ ಬಿಟ್ಟ ಅರ್ಧಾ ತಾಸಾತು. ಓಡೋ ಬಸ್ಸಿಗೆ ಎಲ್ಲಿಂದ ಬರತಾರ್ರಿ?" ಎನ್ನುತ್ತ ಟವೆಲನ್ನು ಎತ್ತಿ, ಫಟ್ಟನೆ ಜಾಡಿಸಿ, ಕುಳಿತೇಬಿಟ್ಟಳು.

ಜಾಡಿಸಿದಾಗ ಟವೆಲಿನ ಮೂಲೆ ಬಿಚ್ಚಿಕೊಂಡಿತು. ಆ ಮೂಲೆಯಲ್ಲಿ ಕೆಂಪು ದಾರದ ಒಂದು ಪುಟ್ಟ ಹೂವು ಇತ್ತು, ನನ್ನ ತಮ್ಮನ ಟವೆಲಿನ ಜೊತೆ ಅದಲುಬದಲಾಗದಿರಲಿ ಎಂದು ನನ್ನ ಹೆಂಡತಿ ಹಾಕಿದ ಗುರುತು. ಮುಂದೆ ಕುಳಿತ ಮಹಾಶಯರು ಅದನ್ನು ಹಿಂದಕ್ಕೆ ಎಸೆದಿದ್ದರು. ನಾನು ಅರ್ಧ ತಾಸು ನನ್ನ ಟವೆಲಿಗೇ ಅಂಜಿ ನಿಂತಿದ್ದೆ. ನಾನೊಬ್ಬನೇ ನಿಂತಿದ್ದರೆ ಚಿಂತೆಯಿರಲಿಲ್ಲ, ನಾಲ್ಕೈದು ಜನರನ್ನೂ ನಿಲ್ಲಿಸಿದ್ದೆ.

"ನಂದವಾ ಅದು," ಎಂದೆ ಮೆಲ್ಲಗೆ.

ಬಾಳವ್ವ ನಗುತ್ತ ಏಳಹೋದಳು. "ಹಂಗಾರ ನೀವ ಕುಂದರ್ರಿ."

"ಬ್ಯಾಡ, ಕುಂದರು. ನಿಂತರ ನನಗ ಚಲೋ ಐತಿ."

ಶಾಲೆಗೆ ಹೋದವನು ಹಾಜರಿಯನ್ನೂ ಕರೆಯದೆ ಪಟ್ಟಿ ತೆಗೆದೆ. ಸುಜಾತಾಳನ್ನು ಮೇಜಿನ ಹತ್ತಿರ ಕರೆದು, ಎರಡನೆಯ ಸಾಲಿನ ಅವಳ ಹೆಸರನ್ನು ಹೊಡೆದುಹಾಕಿ ಮೊದಲನೆಯ ಸಾಲಿನಲ್ಲಿ ಬರೆದೆ.

"ಯಾವ ಮಂದಿ ಅಂತ ಕೇಳಿದ್ದೆಲ್ಲವಾ ನಿನ್ನೆ? ಸಿಕ್ಕ. ನಾನ ಅಂವ."

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ತನ್ನ ಹೆಸರು ಓದಿದಳು. "ಸೋತರರಿ ಸರ್?"

"ಸೋತರ ಇಬ್ಬರೂ ಕೂಡಿ ಅಳೂಣು. ನಿಂದರಲಾರದನ ಸೋಲಬ್ಯಾಡ."

ಅವಳು ಹೊರಟವಳು ಬಾಗಿಲಲ್ಲಿ ತಿರುಗಿದಳು. "ನಿಮಗ ವೋಟ ಐತೇನ್ರಿ ಸರ್?"

"ಮಾಸ್ತರಿಗೆ ವೋಟ ಇಲ್ಲವಾ."

"ಭಾಳ ಚಲೋ ಆತ್ರಿ," ಎಂದು ನಕ್ಕು ಓಡಿದಳು.

ಮತದಾನ ಬರುವ ಶನಿವಾರ. ಅವಳು ಗೆಲ್ಲುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ; ಗೊತ್ತಿದೆ ಎಂದುಕೊಂಡಿದ್ದೇ ನನ್ನ ತಪ್ಪಾಗಿತ್ತು. ಟವೆಲು ಇಂದಿಗೂ ಹೆಗಲ ಮೇಲಿದೆ, ಬೆವರು ಒರೆಸಲು. ಖಾಲಿ ಸೀಟಿನ ಮೇಲೆ ಟವೆಲೊಂದು ಕಂಡರೆ ಈಗ ಸುಮ್ಮನೆ ನಿಲ್ಲುವುದಿಲ್ಲ, ಯಾರದೆಂದು ಗಟ್ಟಿಯಾಗಿ ಕೇಳುತ್ತೇನೆ. ಕೇಳುವ ಮೊದಲು ಒಮ್ಮೆ ನನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.