ಬಿಳಿ ಗೆರೆಗಳಲ್ಲಿ ಕಂಡ ಕರಡಿ

ಟಿವಿ ಪರದೆಯ ತುಂಬ ಬರೀ ಬಿಳಿ ಗೆರೆಗಳು ಓಡುತ್ತಿದ್ದವು. ಸಂಡೂರಿನ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಸಿಕ್ಕ ಕಾರ್ಟೂನ್ ಸಿನಿಮಾದ ವಿಡಿಯೋ ಕ್ಯಾಸೆಟ್ಟಿನ ಕೆಂಪು ದೂಳು ಒರೆಸಿ, ಹಳೆಯ ವಿಸಿಆರ್ ರಿಪೇರಿ ಮಾಡಿಸಿ ಹಾಕಿದ್ದೆ. ಇಂಗ್ಲಿಷ್ ಮಾತು, ಸಂಗೀತ ಎಲ್ಲ ಕೇಳುತ್ತಿತ್ತು, ಚಿತ್ರ ಮಾತ್ರ ಇಲ್ಲ. ಆರು ವರ್ಷದ ಮಗಳ ಮುಖ ಬಾಡಿತು. "ಬಂದ್ ಮಾಡ್ತೀನಿ" ಎನ್ನುತ್ತ ನಾನು ಟಿವಿ ಆರಿಸಲು ಎದ್ದೆ.

"ಏ, ಬಂದ್ ಮಾಡಬ್ಯಾಡ. ಈಗ ಕರಡಿ ಮರಿ ಹೊಳಿ ದಂಡಿಗೆ ಬರ್ತೈತಿ ನೋಡು" ಎಂದಳು ಚಿಕ್ಕಮ್ಮ.

ಬೆಚ್ಚಿಬಿದ್ದೆ. ಚಿಕ್ಕಮ್ಮನಿಗೆ ಕಣ್ಣು ಕಾಣದೆ ನಾಲ್ಕು ವರ್ಷವಾಗಿದೆ. ನಾವು ಚಿಕ್ಕವರಿದ್ದಾಗ ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಇದೇ ಕ್ಯಾಸೆಟ್ ಹಾಕಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ನಮ್ಮಂತೆ ಅವಳಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆಗ ಚಿತ್ರ ನೋಡಿ ಮಾತು ಕಟ್ಟುತ್ತಿದ್ದವಳು ಈಗ ಮಾತು ಕೇಳಿ ಚಿತ್ರ ಕಟ್ಟುತ್ತಿದ್ದಳು. ಹಿಮ ಬೀಳುವುದು, ಮರಿ ಹಿಂದಿರುಗಿ ನೋಡುವುದು, ಅದರ ಕಿವಿಗೆ ಸಿಕ್ಕಿಕೊಂಡ ಹಳದಿ ಹೂವು, ಯಾವುದನ್ನೂ ಬಿಡಲಿಲ್ಲ. ಮರಿ ನೀರಿಗೆ ಬಿದ್ದಾಗ ಮಗಳು ಆ ಗೆರೆಗಳನ್ನೇ ದಿಟ್ಟಿಸುತ್ತ ಅಜ್ಜಿಯ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಿನಿಮಾ ಮುಗಿಯುವ ತನಕ ನಾನು ನಿಂತೇ ಇದ್ದೆ.

ಹೊಸಪೇಟೆಗೆ ಮರಳಿದ ಮೇಲೆ ಅದೇ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿ ಮಗಳ ಕೈಗಿತ್ತೆ. ಚಿಕ್ಕಮ್ಮ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಕಿವಿಯ ಹಳದಿ ಹೂವು ಕೂಡ ಅಲ್ಲೇ ಇತ್ತು. ಮಗಳು ಎರಡು ನಿಮಿಷ ನೋಡಿ ಮೊಬೈಲ್ ವಾಪಸ್ ಕೊಟ್ಟಳು: "ಇದ್ರಾಗ ಕರಡಿ ಭಾಳ ಸಣ್ಣದೈತಿ. ಅಜ್ಜಿದು ಹಚ್ಚಪ್ಪ."